ನಮ್ಮದೇ ಫೋಟೊ, ನಮ್ಮದೇ ಮೊಬೈಲು. ಆದರೂ ಕೇಸ್ ಆಗುತ್ತಾ?

ನಾನು ವಕೀಲೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡಲೆಂದು ಇರುವ ಪೋಕ್ಸೊ ಕಾಯ್ದೆಯ ಬಗ್ಗೆ ಪಿಯು ಕಾಲೇಜುಗಳಿಗೆ ಮಾತಾಡಲು ಹೋಗುವಾಗ ಒಂದು ಖಾಲಿ ರಟ್ಟಿನ ಡಬ್ಬ ತೆಗೆದುಕೊಂಡು ಹೋಗುತ್ತೇನೆ. ಕೈ ಎತ್ತಿ ಕೇಳಿ ಅಂದರೆ ಯಾರೂ ಕೇಳುವುದಿಲ್ಲ. ಹಿಂದಿನ ಬೆಂಚಿನಿಂದ ಮುಸಿಮುಸಿ ನಗು ಬರುತ್ತದೆ, ಅಷ್ಟೆ. ಹೆಸರು ಹಾಕದೆ ಚೀಟಿಯಲ್ಲಿ ಬರೆದು ಹಾಕಿ ಅಂದರೆ ಮಾತ್ರ ಡಬ್ಬ ತುಂಬುತ್ತದೆ. ಒಮ್ಮೆ ಹೀಗೆ ಬಂದ ಚೀಟಿಯೊಂದು, ನೋಟ್‌ಬುಕ್ಕಿನ ಮೂಲೆ ಹರಿದು ನಾಲ್ಕು ಮಡಿಕೆ ಮಾಡಿದ್ದು, ಇನ್ನೂ ನನ್ನ ಬ್ಯಾಗಿನಲ್ಲಿದೆ: "ಮೇಡಂ, ನಮ್ಮ ಫೋಟೊ ನಾವೇ ತೆಗೆದು ನಮ್ಮ ಮೊಬೈಲಲ್ಲೇ ಇಟ್ಕೊಂಡ್ರೂ ಕೇಸ್ ಆಗುತ್ತಾ? ಒಬ್ರಿಗೆ ಮಾತ್ರ ಕಳ್ಸಿದ್ರೆ?"

ಎಂಥ ಫೋಟೊ ಎಂದು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಪಕ್ಕದಲ್ಲಿ ಪ್ರಿನ್ಸಿಪಾಲರು ಕೂತಿದ್ದರು, ಎದುರಿಗೆ ಇನ್ನೂರು ಮಕ್ಕಳು. "ಆಗಬಹುದು" ಎಂದು ಹೇಳಿ ಮುಂದಿನ ಚೀಟಿ ತೆಗೆದೆ. ಹೇಳಿದ್ದು ಸುಳ್ಳೇನಲ್ಲ. ಆದರೆ ಆ ಒಂದು ಪದದಲ್ಲಿ ಮುಗಿಯುವ ಉತ್ತರವೂ ಅದಲ್ಲ. ಪೂರ್ತಿ ಉತ್ತರ ಇಲ್ಲಿದೆ.

ಮೈ ಕಾಣುವ ಫೋಟೊ, ವಿಡಿಯೊ ಅಥವಾ ಲೈಂಗಿಕ ಮಾತುಗಳನ್ನು ಮೊಬೈಲಿನಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಳ್ಳುವುದಕ್ಕೆ ಸೆಕ್ಸ್ಟಿಂಗ್ ಎನ್ನುತ್ತಾರೆ. ಇದು ಎಲ್ಲೋ ಒಬ್ಬಿಬ್ಬರು ಮಾಡುವ ಕೆಲಸ ಎಂದುಕೊಂಡಿರುವ ತಂದೆ ತಾಯಿಗಳಿಗೆ ಒಂದು ಲೆಕ್ಕ ಹೇಳುತ್ತೇನೆ. ಬೇರೆ ಬೇರೆ ದೇಶಗಳ 39 ಅಧ್ಯಯನಗಳನ್ನು, ಅಂದರೆ ಒಟ್ಟು 1.1 ಲಕ್ಷ ಹದಿಹರೆಯದವರ ಮಾಹಿತಿಯನ್ನು, ಒಟ್ಟುಗೂಡಿಸಿ ನೋಡಿದ ವರದಿಯೊಂದು 2018ರಲ್ಲಿ ಅಮೆರಿಕದ ಮಕ್ಕಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂತು. ಅದರ ಪ್ರಕಾರ ಸುಮಾರು ಶೇ 15ರಷ್ಟು ಮಕ್ಕಳು ಇಂಥದ್ದನ್ನು ಕಳಿಸಿದ್ದರು, ಶೇ 27ರಷ್ಟು ಮಕ್ಕಳಿಗೆ ಬಂದಿತ್ತು. ತಮಗೆ ಬಂದದ್ದನ್ನು ಕಳಿಸಿದವರ ಒಪ್ಪಿಗೆಯಿಲ್ಲದೆ ಮುಂದಕ್ಕೆ ದಾಟಿಸಿದವರು ಶೇ 12. ಈ ಕೊನೆಯ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾಯ್ದೆಯಲ್ಲಿ ಏನಿದೆ

ಸೆಕ್ಸ್ಟಿಂಗ್ ಎಂಬ ಪದ ಪೋಕ್ಸೊದಲ್ಲೂ ಇಲ್ಲ, ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲೂ ಇಲ್ಲ. ಮಕ್ಕಳ ಅಶ್ಲೀಲ ಚಿತ್ರಗಳನ್ನು ತಯಾರಿಸಿ ಮಾರುವವರನ್ನು ಹಿಡಿಯಲು ಹೆಣೆದ ಬಲೆ ಇದೆ. ಹುಡುಗ ಹುಡುಗಿಯರು ಬೀಳುವುದು ಅದೇ ಬಲೆಗೆ.

ಐಟಿ ಕಾಯ್ದೆಯ 67ಬಿ ಸೆಕ್ಷನ್ 2008ರ ತಿದ್ದುಪಡಿಯಲ್ಲಿ ಸೇರಿ 2009ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. ಆಗ ವಾಟ್ಸ್‌ಆ್ಯಪ್ ಹುಟ್ಟಿ ಒಂದು ವರ್ಷವೂ ಆಗಿರಲಿಲ್ಲ. ಹದಿನೆಂಟು ತುಂಬದವರನ್ನು ಅಶ್ಲೀಲವಾಗಿ, ಅಸಭ್ಯವಾಗಿ ತೋರಿಸುವ ಯಾವುದನ್ನೇ ಆಗಲಿ ತಯಾರಿಸಿದರೆ, ಸಂಗ್ರಹಿಸಿದರೆ, ಹುಡುಕಿದರೆ, ನೋಡಿದರೆ, ಡೌನ್‌ಲೋಡ್ ಮಾಡಿದರೆ, ವಿನಿಮಯ ಮಾಡಿಕೊಂಡರೆ ಅಪರಾಧ. ಮೊದಲ ಸಲಕ್ಕೆ ಐದು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ. ಜಾಮೀನು ಹಕ್ಕಾಗಿ ಸಿಗುವ ಅಪರಾಧವೂ ಅಲ್ಲ. ಆ ಪಟ್ಟಿಯಲ್ಲಿ ಚಿತ್ರದ ಜೊತೆ 'ಪಠ್ಯ' ಎಂಬ ಪದವೂ ಇದೆ. ಅಂದರೆ ಒಂದೂ ಫೋಟೊ ಇಲ್ಲದೆ, ರಾತ್ರಿ ಹನ್ನೊಂದಕ್ಕೆ ಬರೆದ ನಾಲ್ಕು ಸಾಲು ಮೆಸೇಜನ್ನೂ ಈ ಸೆಕ್ಷನ್ನಿಗೆ ಎಳೆದು ತರಬಹುದು.

ಇನ್ನೂ ವಿಚಿತ್ರವಾದದ್ದು ಮುಂದಿನ ಉಪವಾಕ್ಯ. ಮಕ್ಕಳನ್ನು ಲೈಂಗಿಕ ಉದ್ದೇಶದ ಆನ್‌ಲೈನ್ ಸಂಬಂಧಕ್ಕೆ ಸೆಳೆಯುವುದು ಅಪರಾಧ ಎನ್ನುತ್ತದೆ ಅದು. ಸರಿಯಾದದ್ದೇ, ಬೇಕಾದದ್ದೇ. ಆದರೆ ಅಲ್ಲಿಗೆ ನಿಲ್ಲದೆ, 'ವಿವೇಕವುಳ್ಳ ವಯಸ್ಕರ ಮನಸ್ಸಿಗೆ ಕಸಿವಿಸಿಯಾಗುವಂಥ' ರೀತಿಯ ಸಂಬಂಧವನ್ನೂ ಸೇರಿಸುತ್ತದೆ. ಹದಿನೇಳರ ಇಬ್ಬರು ತಮ್ಮತಮ್ಮಲ್ಲಿ ಏನು ಮಾತಾಡಿಕೊಂಡರು ಎಂಬುದನ್ನು ನಲವತ್ತೈದರ ನನ್ನಂಥವಳ ಮುಖಭಾವ ನೋಡಿ ಅಳೆಯಬೇಕು ಎಂದಾಯಿತು. ನಮ್ಮ ವಯಸ್ಸಿನವರಿಗೆ ಮಕ್ಕಳು ಹಾಕುವ ಇನ್‌ಸ್ಟಾಗ್ರಾಂ ರೀಲೇ ಕಸಿವಿಸಿ ಮಾಡುತ್ತದೆ, ಬಿಡಿ.

ಪೋಕ್ಸೊ ಬಂದದ್ದು 2012ರಲ್ಲಿ. 'ಮಗು' ಎಂದರೆ ಹದಿನೆಂಟರ ಒಳಗಿನ ಯಾರೇ ಆಗಲಿ, ಹುಡುಗನಾದರೂ ಹುಡುಗಿಯಾದರೂ. ಅಲ್ಲಿಯವರೆಗೆ ಐಪಿಸಿಯಲ್ಲಿ ಒಪ್ಪಿಗೆಯ ವಯಸ್ಸು ಹದಿನಾರಿತ್ತು, ಅದು ಹದಿನೆಂಟಾಯಿತು. 13 ಮತ್ತು 14ನೇ ಸೆಕ್ಷನ್ ಮಗುವನ್ನು ಅಶ್ಲೀಲ ಚಿತ್ರಕ್ಕೆ ಬಳಸಿಕೊಳ್ಳುವುದರ ಬಗ್ಗೆ ಹೇಳುತ್ತವೆ. ಸ್ವಂತಕ್ಕೆ ಇಟ್ಟುಕೊಳ್ಳಲೋ ಹಂಚಲೋ ಎಂಬ ವ್ಯತ್ಯಾಸವಿಲ್ಲ, ಕನಿಷ್ಠ ಐದು ವರ್ಷ ಶಿಕ್ಷೆ. 15ನೇ ಸೆಕ್ಷನ್ ಅಂಥ ಚಿತ್ರ ಇಟ್ಟುಕೊಂಡವರಿಗೆ. ಹಂಚುವ ಉದ್ದೇಶದಿಂದ ಅಳಿಸದೆ ಇಟ್ಟುಕೊಂಡರೆ ಐದು ಸಾವಿರಕ್ಕೆ ಕಡಿಮೆಯಿಲ್ಲದ ದಂಡ, ಹಂಚಿದರೆ ಅಥವಾ ಹಂಚಲು ಅನುವು ಮಾಡಿಕೊಟ್ಟರೆ ಮೂರು ವರ್ಷದವರೆಗೆ ಜೈಲು, ಮಾರಾಟಕ್ಕಾದರೆ ಮೂರರಿಂದ ಐದು ವರ್ಷ.

ಇಷ್ಟೆಲ್ಲ ಇದ್ದರೂ ಎಲ್ಲೂ ಇಲ್ಲದ್ದು ಒಂದೇ ಒಂದು ವಾಕ್ಯ: 'ತನ್ನ ಚಿತ್ರವನ್ನು ತಾನೇ ತೆಗೆದುಕೊಂಡ ಮಗುವಿಗೆ ಇದು ಅನ್ವಯಿಸುವುದಿಲ್ಲ.' ಠಾಣೆಯ ಮಟ್ಟದಲ್ಲಿ ಸಾಮಾನ್ಯವಾಗಿ ಹುಡುಗಿಯನ್ನು ನೊಂದವಳೆಂದೂ ಹುಡುಗನನ್ನು ಆರೋಪಿಯೆಂದೂ ಬರೆದುಕೊಳ್ಳುತ್ತಾರೆ. ಅದು ರೂಢಿ. ಕಾಯ್ದೆಯ ಅಕ್ಷರ ಹಿಡಿದು ಹೊರಟರೆ ಫೋಟೊ ತೆಗೆದವಳು 'ತಯಾರಿಸಿದವಳು', ಕಳಿಸಿದವಳು 'ರವಾನಿಸಿದವಳು'. ಹಾಗಾಗಿ ಚೀಟಿ ಬರೆದ ಮಗುವಿನ ಭಯ ಸುಳ್ಳಲ್ಲ.

ಹದಿನೆಂಟರ ಹಿಂದಿನ ದಿನ, ಮಾರನೆಯ ದಿನ

ಹಾಗಾದರೆ ನಮ್ಮ ಕಾನೂನು ಮಕ್ಕಳನ್ನು ಜೈಲಿಗೆ ತಳ್ಳುತ್ತದೆಯೇ? ಇಲ್ಲ. ಕಾನೂನಿನ ವಿರುದ್ಧ ಬರೆಯುವವರೂ ಇದನ್ನು ಹಲವು ಸಲ ಮರೆತುಬಿಡುತ್ತಾರೆ.

ಪೋಕ್ಸೊದ 34ನೇ ಸೆಕ್ಷನ್ ಪ್ರಕಾರ ಆರೋಪಿಯೂ ಮಗುವಾಗಿದ್ದರೆ ಪ್ರಕರಣ ಬಾಲನ್ಯಾಯ ಕಾಯ್ದೆಯಡಿ ಬಾಲನ್ಯಾಯ ಮಂಡಳಿಗೆ ಹೋಗಬೇಕು. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ, ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಕನಿಷ್ಠ ಏಳು ವರ್ಷ ಶಿಕ್ಷೆಯಿರುವ 'ಘೋರ' ಅಪರಾಧ ಅಲ್ಲದಿದ್ದರೆ, ವಯಸ್ಕರು ಜೊತೆಗಿಲ್ಲದಿದ್ದರೆ, ಎಫ್‌ಐಆರ್ ಹಾಕುವಂತೆಯೇ ಇಲ್ಲ ಎಂದು 2016ರ ಮಾದರಿ ನಿಯಮಗಳು ಹೇಳುತ್ತವೆ. ಠಾಣೆಯ ದಿನಚರಿಯಲ್ಲಿ ದಾಖಲಿಸಿ, ಮಗುವಿನ ಮನೆ, ಓದು, ಹಿನ್ನೆಲೆಯ ವರದಿ ಬರೆದು ಮಂಡಳಿಗೆ ಕೊಡಬೇಕು, ಅಷ್ಟೆ. ಕೋಳ ಹಾಕುವಂತಿಲ್ಲ, ಲಾಕಪ್ಪಿಗೆ ಹಾಕುವಂತಿಲ್ಲ. ಜಾಮೀನು ಕೊಡುವುದೇ ನಿಯಮ, ನಿರಾಕರಣೆ ಅಪವಾದ. ಬುದ್ಧಿಮಾತು ಹೇಳಿ ಮನೆಗೆ ಕಳಿಸುವುದರಿಂದ ಹಿಡಿದು ಮೂರು ವರ್ಷ ವಿಶೇಷ ಗೃಹದಲ್ಲಿ ಇರಿಸುವವರೆಗೆ ಮಂಡಳಿಗೆ ಹಲವು ದಾರಿಗಳಿವೆ. ಮುಂದೆ ನೌಕರಿಗೆ, ಪಾಸ್‌ಪೋರ್ಟಿಗೆ ಇದು ಅಡ್ಡ ಬರಬಾರದೆಂದೂ ಕಾಯ್ದೆ ಹೇಳುತ್ತದೆ.

ಬರಹದಲ್ಲಿ ಇದಕ್ಕಿಂತ ಮೃದುವಾದ ವ್ಯವಸ್ಥೆ ಕೇಳಲಾಗದು. ತೊಡಕು ಎರಡು ಕಡೆ ಇದೆ.

ಮೊದಲನೆಯದು ಹುಟ್ಟುಹಬ್ಬ. ಒಂದೇ ಕಾಲೇಜಿನ ದ್ವಿತೀಯ ಪಿಯುಸಿಯ ಇಬ್ಬರನ್ನು ಊಹಿಸಿಕೊಳ್ಳಿ. ಹುಡುಗನಿಗೆ ಜನವರಿ 10ಕ್ಕೆ ಹದಿನೆಂಟು ತುಂಬುತ್ತದೆ, ಹುಡುಗಿಗೆ ಮಾರ್ಚ್ ಕೊನೆಗೆ. ಜನವರಿ 9ರ ರಾತ್ರಿ ಅವಳು ಕಳಿಸಿದ ಫೋಟೊ ವಿಚಾರಕ್ಕೆ ಬಂದರೆ ಅವನು 'ಕಾನೂನಿನೊಂದಿಗೆ ಸಂಘರ್ಷಕ್ಕೆ ಒಳಗಾದ ಮಗು'. ಹನ್ನೊಂದನೇ ತಾರೀಕು ಕಳಿಸಿದ ಫೋಟೊ ಆದರೆ ಅವನು ವಯಸ್ಕ ಆರೋಪಿ: ಎಫ್‌ಐಆರ್, ಬಂಧನ, ವಿಶೇಷ ನ್ಯಾಯಾಲಯ, ಜಿಲ್ಲಾ ಕಾರಾಗೃಹ. ನಡುವೆ ಕಳೆದದ್ದು ಎರಡು ರಾತ್ರಿ. ಇಬ್ಬರ ವಯಸ್ಸಿನ ಅಂತರ ಎರಡೂವರೆ ತಿಂಗಳು. ಈ ಅಂತರವನ್ನು ಗಣನೆಗೆ ತೆಗೆದುಕೊಳ್ಳುವ ಸೌಲಭ್ಯ ನಮ್ಮ ಕಾಯ್ದೆಯಲ್ಲಿಲ್ಲ.

ಇನ್ನು ಆ ಹುಟ್ಟುಹಬ್ಬವನ್ನು ನಿರ್ಧರಿಸುವುದು ಯಾವುದು? ಮೊದಲು ನೋಡುವುದು ಶಾಲೆಯ ದಾಖಲೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ನಮ್ಮ ಹಳ್ಳಿಗಳಲ್ಲಿ ಒಂದನೇ ಕ್ಲಾಸಿಗೆ ಸೇರಿಸುವ ದಿನ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡು ಎಷ್ಟು ಜನರ ಜಾತಕವನ್ನು ಒಂದೇ ದಿನಕ್ಕೆ ಕಟ್ಟಿದ್ದರೋ! ಈಗ ಜನನ ಪ್ರಮಾಣಪತ್ರ ಎಲ್ಲ ಕಡೆ ಬಂದಿದೆ ನಿಜ. ಆದರೂ ದಾಖಲೆಯ ದಿನಾಂಕಕ್ಕೂ ತಾಯಿ ಹೇಳುವ 'ಗೌರಿ ಹಬ್ಬದ ಮಾರನೇ ದಿನ'ಕ್ಕೂ ತಾಳೆಯಾಗದ ಪ್ರಕರಣ ನನ್ನ ಕೈಗೆ ಈಗಲೂ ಬರುತ್ತವೆ. ಹುಡುಗನೊಬ್ಬ ಮಗುವೋ ಅಪರಾಧಿಯೋ ಎಂಬುದು ಅದರ ಮೇಲೆ ನಿಂತಿರುತ್ತದೆ.

ಎರಡನೆಯ ತೊಡಕು ತನಿಖೆಯದು. ಒಮ್ಮೆ ಪೊಲೀಸರ ಕೈಗೆ ಬಂದ ಮೊಬೈಲು ಒಂದು ಫೋಟೊ ತೋರಿಸಿ ಸುಮ್ಮನಾಗುವುದಿಲ್ಲ. ಆರು ತಿಂಗಳ ಚಾಟ್ ತೆರೆದುಕೊಳ್ಳುತ್ತದೆ. ಇಬ್ಬರೂ ಎಲ್ಲೋ ಭೇಟಿಯಾಗಿದ್ದರು, ಮೈ ಮುಟ್ಟಿದ್ದರು ಎಂಬ ಒಂದು ಸಾಲು ಅದರಲ್ಲಿ ಸಿಕ್ಕರೆ ಪ್ರಕರಣದ ರೂಪವೇ ಬದಲಾಗುತ್ತದೆ. ಮುಟ್ಟುವುದನ್ನು ದಾಟಿ ಲೈಂಗಿಕ ಸಂಭೋಗ ನಡೆದಿದ್ದರೆ ಅದು ಪೋಕ್ಸೊದ 4ನೇ ಸೆಕ್ಷನ್, ಕನಿಷ್ಠ ಹತ್ತು ವರ್ಷ. ಆಗ ಅದು 'ಘೋರ' ಅಪರಾಧದ ಪಟ್ಟಿಗೆ ಸೇರುತ್ತದೆ. ಹದಿನಾರು ದಾಟಿದವನನ್ನು ವಯಸ್ಕನಂತೆ ವಿಚಾರಣೆ ಮಾಡಬೇಕೋ ಬೇಡವೋ ಎಂಬ ಪ್ರಾಥಮಿಕ ಪರಿಶೀಲನೆ ಶುರುವಾಗುತ್ತದೆ. ಫೋಟೊ ಒಂದರಿಂದ ಹೊರಟ ದೂರು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಕೊಟ್ಟವರಿಗೂ ಗೊತ್ತಿರುವುದಿಲ್ಲ. ಮಗಳ ಮೊಬೈಲು ಕಸಿದುಕೊಂಡು ನೇರ ಠಾಣೆಗೆ ಹೋದ ಅಪ್ಪಂದಿರು ಮೂರು ತಿಂಗಳ ನಂತರ ಬಂದು, "ಹೆದರಿಸಿ ಬಿಟ್ಟುಬಿಡಿ ಅಂತ ಹೇಳೋಕೆ ಹೋಗಿದ್ದೆ ಮೇಡಂ, ವಾಪಸ್ ತಗೋಬೋದಾ?" ಎಂದು ಕೇಳಿದ್ದಾರೆ. ಪೋಕ್ಸೊ ಪ್ರಕರಣವನ್ನು ಅಪ್ಪ ಹಾಗೆ ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ.

ತೀರ್ಪಿನ ಮಾತು ಆಮೇಲೆ. ಮೊಬೈಲು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತದೆ, ವರದಿ ಬರಲು ತಿಂಗಳುಗಳು. ಆ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತದೆ ಅಥವಾ ತಪ್ಪಿರುತ್ತದೆ. ಟಿಸಿ ಕೊಟ್ಟು ಕಳಿಸಿರುತ್ತಾರೆ. ಹೆಸರು ಬಯಲು ಮಾಡಬಾರದೆಂಬ ಕಾನೂನಿದ್ದರೂ ಬೀದಿಗೆ ಯಾರ ಮನೆ ಎಂದು ಗೊತ್ತಾಗಿರುತ್ತದೆ. ಹುಡುಗಿಯಾದರೆ ಓದು ಬಿಡಿಸಿ ಸೋದರತ್ತೆಯ ಊರಿಗೆ ಸಾಗಹಾಕಿರುತ್ತಾರೆ, ಗಂಡು ನೋಡಲು ಶುರು ಮಾಡಿರುತ್ತಾರೆ. ಇದ್ಯಾವುದೂ ಯಾವ ಸೆಕ್ಷನ್ನಿನಲ್ಲೂ ಬರೆದಿಲ್ಲ. ಮಂಡಳಿ ಎರಡು ವರ್ಷದ ನಂತರ ಬುದ್ಧಿಮಾತು ಹೇಳಿ ಕೈಬಿಟ್ಟರೂ ಶಿಕ್ಷೆ ಆಗಲೇ ಮುಗಿದಿರುತ್ತದೆ.

ಯಾರಿಗೆ ಹೇಳುವುದು?

ನನಗೆ ಅತಿ ಹೆಚ್ಚು ತೊಂದರೆ ಕೊಡುವ ಸೆಕ್ಷನ್ 19. ಮಗುವಿನ ಮೇಲೆ ಪೋಕ್ಸೊ ಅಡಿ ಅಪರಾಧ ನಡೆದಿದೆ ಎಂದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ತಪ್ಪನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಮಕ್ಕಳಿಗೆ ಮಾತ್ರ ಈ ಶಿಕ್ಷೆಯಿಂದ ವಿನಾಯಿತಿ. ಹಾಸ್ಟೆಲ್ ವಾರ್ಡನ್ನು, ಆಶ್ರಮದ ಮೇಲ್ವಿಚಾರಕ, ಮನೆಯ ಹಿರಿಯ ತಪ್ಪು ಮಾಡಿದಾಗ ಮುಚ್ಚಿಹಾಕುವ ನಮ್ಮ ಹಳೆಯ ಚಾಳಿಗೆ ಹಾಕಿದ ಮೂಗುದಾರ ಇದು. ಆ ಕೆಲಸಕ್ಕೆ ಇದು ಬೇಕೇ ಬೇಕು.

ಆದರೆ ಕಾಲೇಜಿನ ಕೌನ್ಸೆಲರ್ ಮುಂದೆ ಹುಡುಗಿಯೊಬ್ಬಳು ಕೂತು, "ಅವನಿಗೆ ಒಂದು ಫೋಟೊ ಕಳಿಸಿಬಿಟ್ಟಿದ್ದೀನಿ, ಈಗ ಭಯ ಆಗ್ತಿದೆ" ಎಂದರೆ? ಅವಳಿಗೆ ಬೇಕಾದದ್ದು ಫೋಟೊ ಅಳಿಸಿಹೋಗುವುದು, ಮನೆಗೆ ಗೊತ್ತಾಗದಿರುವುದು, ಪಕ್ಕದಲ್ಲಿ ಒಬ್ಬರು ದೊಡ್ಡವರು ನಿಲ್ಲುವುದು. ಕೌನ್ಸೆಲರ್ ಕೈಯಲ್ಲಿರುವುದು ಠಾಣೆಯ ದಾರಿ ಒಂದೇ. ಹೇಳದೆ ಉಳಿದರೆ ಕೌನ್ಸೆಲರೇ ಅಪರಾಧಿಯಾಗುವ ಅಪಾಯವಿದೆ. ಇದು ಮಕ್ಕಳಿಗೆ ಗೊತ್ತಾದ ಮೇಲೆ ಅವರು ಬಾಯಿ ಬಿಡುವುದು ನಿಲ್ಲಿಸುತ್ತಾರೆ. ಬೆದರಿಸುವವನಿಗೆ ಬೇಕಾದದ್ದೂ ಇದೇ. "ಪೊಲೀಸರಿಗೆ ಹೇಳಿದರೆ ನೀನೂ ಒಳಗೆ ಹೋಗ್ತೀಯ, ಫೋಟೊ ತೆಗೆದದ್ದು ನೀನೇ ಅಲ್ವಾ" ಎಂಬುದು ಬ್ಲ್ಯಾಕ್‌ಮೇಲ್ ಮಾಡುವವರು ಬಳಸುವ ಮಾತು. ಅದಕ್ಕೆ ಬಲ ಕೊಟ್ಟಿರುವುದು ನಮ್ಮದೇ ಕಾಯ್ದೆಯ ಮೌನ.

ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ನಡೆದ ಪ್ರಕರಣವೊಂದು ಈ ಭಯ ಎಲ್ಲಿಗೆ ಮುಟ್ಟಬಹುದು ಎಂದು ತೋರಿಸುತ್ತದೆ. ಹದಿನಾರರ ಹುಡುಗಿಯೊಬ್ಬಳು ತನ್ನದೇ ಒಂದು ನಿಮಿಷದ ವಿಡಿಯೊವನ್ನು ಇಬ್ಬರು ಆಪ್ತ ಗೆಳೆಯರಿಗೆ ಕಳಿಸಿದಳು. ಮುಂದೆ ಜಗಳವಾಯಿತು, ವಿಡಿಯೊ ಶಾಲೆಯಲ್ಲಿ ಹರಡಿತು. ಶಾಲೆಯಲ್ಲಿದ್ದ ಪೊಲೀಸ್ ಅಧಿಕಾರಿಗೆ ಅವಳು ಅಳುತ್ತ ಹೇಳಿಕೆ ಬರೆದುಕೊಟ್ಟಳು, ಇನ್ನಾದರೂ ಹರಡುವುದು ನಿಲ್ಲುತ್ತದೆ ಎಂಬ ನಂಬಿಕೆಯಿಂದ. ಮೊಕದ್ದಮೆ ಅವಳ ಮೇಲೆಯೇ ಬಿತ್ತು, ಮಕ್ಕಳ ಅಶ್ಲೀಲ ಚಿತ್ರ ಹಂಚಿದ್ದಕ್ಕೆ. 2019ರ ಆಗಸ್ಟಿನಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ ಅದನ್ನು ಎತ್ತಿ ಹಿಡಿಯಿತು. ಕಾಯ್ದೆಯ ಪದಗಳು ಸ್ಪಷ್ಟವಾಗಿವೆ, ಬದಲಾಯಿಸಬೇಕಾದರೆ ಶಾಸನಸಭೆ ಬದಲಾಯಿಸಲಿ ಎಂಬುದು ಬಹುಮತದ ವಾದ.

ಅದಕ್ಕೂ ಹತ್ತು ವರ್ಷ ಮೊದಲು ಪೆನ್ಸಿಲ್ವೇನಿಯಾದ ಟಂಕ್‌ಹ್ಯಾನಕ್ ಎಂಬ ಊರಿನಲ್ಲಿ ಇನ್ನೊಂದು ಪ್ರಹಸನ ನಡೆದಿತ್ತು. ಶಾಲೆಯವರು ಕಸಿದುಕೊಂಡ ಮೊಬೈಲುಗಳಲ್ಲಿ ಸಿಕ್ಕ ಫೋಟೊಗಳಲ್ಲಿ ಒಂದರಲ್ಲಿ ಇಬ್ಬರು ಹುಡುಗಿಯರು ಬ್ರಾ ತೊಟ್ಟಿದ್ದರು, ಅಷ್ಟೆ. ಅಲ್ಲಿನ ಸರ್ಕಾರಿ ವಕೀಲರು, ತಿದ್ದುವ ತರಗತಿಗೆ ಬಂದು ಪ್ರಬಂಧ ಬರೆಯದಿದ್ದರೆ ಕ್ರಿಮಿನಲ್ ಕೇಸ್ ಹಾಕುತ್ತೇನೆಂದು ಪೋಷಕರಿಗೆ ಪತ್ರ ಬರೆದರು. ಮೂವರು ಹುಡುಗಿಯರ ತಾಯಂದಿರು ಒಪ್ಪದೆ ಕೋರ್ಟಿಗೆ ಹೋದರು. 2010ರಲ್ಲಿ ಮೇಲ್ಮನವಿ ನ್ಯಾಯಾಲಯ ತಾಯಂದಿರ ಪರ ನಿಂತಿತು.

ಮೂರು ಬೇರೆ ಕೆಲಸ

ಇಷ್ಟು ಓದಿ, ಸೆಕ್ಸ್ಟಿಂಗ್ ಎಂದರೆ ಮಕ್ಕಳಾಟ, ಕಾನೂನು ಕೈ ಹಾಕಬಾರದು ಎಂಬುದು ನನ್ನ ಅಭಿಪ್ರಾಯ ಎಂದುಕೊಂಡಿದ್ದರೆ, ಇಲ್ಲ. ಶೇ 12ರ ಅಂಕಿ ನೆನಪಿದೆಯಲ್ಲ?

ಮನೆಯ ಬೀಗದ ಕೈಯನ್ನು ಆಪ್ತನೊಬ್ಬನಿಗೆ ಕೊಟ್ಟವಳು ಒಬ್ಬಳು. ಆ ಕೈಯ ನಕಲು ಮಾಡಿಸಿ ಊರಿಗೆಲ್ಲ ಹಂಚಿದವನು ಇನ್ನೊಬ್ಬ. ಅದನ್ನು ಹಿಡಿದು ಬಂದು ಮನೆ ದೋಚಿದವನು ಮೂರನೆಯವನು. ಮೊದಲನೆಯದು ಹೆಚ್ಚೆಂದರೆ ಅವಿವೇಕ. ಎರಡನೆಯದು ದ್ರೋಹ. ಮೂರನೆಯದು ದರೋಡೆ. ನಮ್ಮ ಕಾಯ್ದೆಗಳು ಬೀಗದ ಕೈ ಯಾರ ಹತ್ತಿರ ಇತ್ತು ಎಂದಷ್ಟೇ ಕೇಳುತ್ತವೆ.

ಸಮಾಜ ಕೇಳುವುದು ಇನ್ನೂ ವಿಚಿತ್ರ. ಫೋಟೊ ಬ್ಯಾಚಿನ ಗ್ರೂಪಿಗೆ ಬಿದ್ದಾಗ ಕಳಿಸಿದ ಹುಡುಗಿಯ 'ನಡತೆ' ಚರ್ಚೆಯಾಗುತ್ತದೆ, ದಾಟಿಸಿದ ನಲವತ್ತು ಜನರ ಬಗ್ಗೆ ಯಾರೂ ಸೊಲ್ಲೆತ್ತುವುದಿಲ್ಲ. "ಎಲ್ಲರೂ ಕಳಿಸಿದ್ರು, ನಾನೂ ಕಳಿಸ್ದೆ" ಎಂದು ಹುಡುಗನೊಬ್ಬ ನನ್ನ ಮುಂದೆ ಹೇಳಿದಾಗ ಅವನ ತಾಯಿ ಪಕ್ಕದಲ್ಲೇ ಕೂತು ತಲೆಯಾಡಿಸುತ್ತಿದ್ದರು. ಹುಡುಗಿಯ ಬದುಕು ಕುಸಿಯುವುದು ಮೊದಲ ಕಳಿಸುವಿಕೆಯಿಂದಲ್ಲ, ಆಮೇಲಿನ ನಲವತ್ತರಿಂದ. ಕಾನೂನಿನ ಬಿಗಿ ಇರಬೇಕಾದದ್ದು ಅಲ್ಲಿ.

ಈ ವ್ಯತ್ಯಾಸ ನಮ್ಮ ಶಾಸನಕರ್ತರಿಗೆ ಗೊತ್ತಿಲ್ಲ ಎಂದೇನಲ್ಲ. ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಓದಿ, ಹಳೆಯ ಐಪಿಸಿಯ 354ಸಿ ಅದು. ಚಿತ್ರ ತೆಗೆಯಲು ಹೆಣ್ಣು ಒಪ್ಪಿದ್ದರೂ ಅದನ್ನು ಬೇರೆಯವರಿಗೆ ಹಂಚಲು ಒಪ್ಪಿರದಿದ್ದರೆ ಹಂಚುವುದು ಅಪರಾಧ ಎಂದು ಅದರ ವಿವರಣೆಯಲ್ಲೇ ಇದೆ. ತೆಗೆಯಲು ಒಪ್ಪಿಗೆ ಬೇರೆ, ಹಂಚಲು ಒಪ್ಪಿಗೆ ಬೇರೆ. ಎಷ್ಟು ಸರಳ, ಎಷ್ಟು ಸರಿ! ಇದೇ ವಿವೇಕ ಪಕ್ಕದ ಕಪಾಟಿನ ಪೋಕ್ಸೊಗೆ ಬರಲಿಲ್ಲ, ಏಕೆಂದರೆ ಹದಿನೆಂಟರ ಒಳಗೆ ಒಪ್ಪಿಗೆ ಎಂಬುದೇ ಅಲ್ಲಿ ಲೆಕ್ಕಕ್ಕಿಲ್ಲ.

ಲೆಕ್ಕಕ್ಕೆ ತೆಗೆದುಕೊಂಡ ದೇಶಗಳಿವೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2014ರಲ್ಲಿ ಕಾನೂನು ತಿದ್ದಿ, ವಯಸ್ಸಿನ ಅಂತರ ಎರಡು ವರ್ಷಕ್ಕಿಂತ ಹೆಚ್ಚಿಲ್ಲದ ಅಪ್ರಾಪ್ತರ ನಡುವಿನ ಚಿತ್ರಗಳನ್ನು ಮಕ್ಕಳ ಅಶ್ಲೀಲ ಚಿತ್ರದ ಅಪರಾಧದಿಂದ ಹೊರಗಿಟ್ಟಿತು. ಜೊತೆಗೇ, ಒಪ್ಪಿಗೆಯಿಲ್ಲದೆ ಖಾಸಗಿ ಚಿತ್ರ ಹಂಚುವುದನ್ನು, ಹಂಚುತ್ತೇನೆಂದು ಬೆದರಿಸುವುದನ್ನು ಹೊಸ ಅಪರಾಧ ಮಾಡಿತು. ಒಂದು ಕೈಯಲ್ಲಿ ಸಡಿಲಿಸಿ ಇನ್ನೊಂದರಲ್ಲಿ ಬಿಗಿ ಮಾಡಿದ ರೀತಿ ನನಗೆ ಹಿಡಿಸಿದ್ದು. ಜರ್ಮನಿಯಲ್ಲಿ ಹದಿನಾಲ್ಕು ದಾಟಿದವರು ತಮ್ಮ ಸ್ವಂತಕ್ಕೆ, ಪರಸ್ಪರ ಒಪ್ಪಿಗೆಯಿಂದ ಮಾಡಿಕೊಂಡ ಚಿತ್ರಕ್ಕೆ ವಿನಾಯಿತಿ ಇದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಹದಿನೇಳರ ಹುಡುಗನೊಬ್ಬ ತನ್ನದೇ ಚಿತ್ರವನ್ನು ವಯಸ್ಕ ಮಹಿಳೆಯೊಬ್ಬಳಿಗೆ ಕಳಿಸಿ ಮಕ್ಕಳ ಅಶ್ಲೀಲ ಚಿತ್ರದ ಅಪರಾಧಿಯಾದ. ಅವನು ಮಾಡಿದ್ದು ಕಿರುಕುಳವೇ, ಅನುಮಾನವಿಲ್ಲ, ಆದರೆ ಹಾಕಿದ ಸೆಕ್ಷನ್ ಅವನನ್ನೇ ಅವನ ಬಲಿಪಶು ಮಾಡಿತ್ತು. 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನೂ ಎತ್ತಿಹಿಡಿಯಿತು. ಎರಡು ವರ್ಷಕ್ಕೆ ಶಾಸನಸಭೆ ಕಾನೂನು ತಿದ್ದಿತು.

ನಮ್ಮ ಕೋರ್ಟುಗಳು ಹೇಳಿದ್ದು

ಕರ್ನಾಟಕ ಹೈಕೋರ್ಟಿಗೇ ಈ ಸೆಕ್ಷನ್ನುಗಳು ಎಷ್ಟು ತೊಡಕಾಗಿವೆ ಎಂಬುದಕ್ಕೆ 2024ರ ಜುಲೈನ ಒಂದು ಪ್ರಕರಣ ಸಾಕ್ಷಿ. ಮಕ್ಕಳ ಅಶ್ಲೀಲ ಚಿತ್ರ ನೋಡಿದ ಆರೋಪ ಹೊತ್ತ ವ್ಯಕ್ತಿಯ ಮೇಲಿನ 67ಬಿ ಪ್ರಕರಣವನ್ನು, ನೋಡುವುದು ಪ್ರಸಾರ ಮಾಡಿದಂತಲ್ಲ ಎಂದು ನ್ಯಾಯಪೀಠ ರದ್ದು ಮಾಡಿತು. ಕೆಲವೇ ದಿನಗಳಲ್ಲಿ, ಅದೇ ಸೆಕ್ಷನ್ನಿನ 'ಬಿ' ಉಪವಾಕ್ಯದಲ್ಲಿ ನೋಡುವುದೂ ಸೇರಿದೆ, ಅದು ಕಣ್ತಪ್ಪಿತ್ತು ಎಂದು ತನ್ನ ಆದೇಶವನ್ನು ತಾನೇ ಹಿಂಪಡೆಯಿತು. ನ್ಯಾಯಾಧೀಶರೇ ಎಡವಿದ ಕಡೆ ಪಿಯುಸಿ ಹುಡುಗ ಎಡವದೆ ಇರುತ್ತಾನೆಯೇ?

ಅದೇ ವರ್ಷ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟಿನ ದೊಡ್ಡ ತೀರ್ಪು ಬಂತು. ಡೌನ್‌ಲೋಡ್ ಮಾಡಿ ಖಾಸಗಿಯಾಗಿ ನೋಡಿದರೆ ಅಪರಾಧವಲ್ಲ ಎಂದಿದ್ದ ಮದ್ರಾಸ್ ಹೈಕೋರ್ಟಿನ ಆದೇಶವನ್ನು ಅದು ತಳ್ಳಿಹಾಕಿತು. ಅಂಥ ಚಿತ್ರವನ್ನು ಅಳಿಸದೆ, ದೂರು ಕೊಡದೆ ಇಟ್ಟುಕೊಂಡಿರುವುದರಿಂದಲೇ ಹಂಚುವ ಉದ್ದೇಶವನ್ನು ಊಹಿಸಲು ಅವಕಾಶವಿದೆ ಎಂದಿತು. 'ಮಕ್ಕಳ ಪೋರ್ನೋಗ್ರಫಿ' ಎಂಬ ಪದವನ್ನೇ ಕೈಬಿಟ್ಟು, ಮಕ್ಕಳ ಲೈಂಗಿಕ ಶೋಷಣೆ ಮತ್ತು ದೌರ್ಜನ್ಯದ ಸಾಮಗ್ರಿ ಎಂದು ಕರೆಯಬೇಕೆಂದೂ ಹೇಳಿತು. ಮುಂದೆ ನಿಂತಿದ್ದ ಪ್ರಕರಣ ವಯಸ್ಕನದು. ಅವನ ಮಟ್ಟಿಗೆ ತೀರ್ಪಿನ ತರ್ಕಕ್ಕೆ ನನ್ನ ತಕರಾರಿಲ್ಲ. ಗೆಳತಿ ಪ್ರೀತಿಯಿಂದ ಕಳಿಸಿದ್ದನ್ನು ಅಳಿಸದೆ ಇಟ್ಟುಕೊಂಡ ಹದಿನೆಂಟೂಕಾಲು ವರ್ಷದ ಹುಡುಗನಿಗೂ ಅದೇ ತರ್ಕ ಹಚ್ಚಬಹುದು ಎಂಬುದಷ್ಟೇ ನನ್ನ ಚಿಂತೆ. ಶೋಷಣೆಯ ಸಾಮಗ್ರಿ ಎಂಬ ಹೊಸ ಹೆಸರಿನಲ್ಲಿ ಒಂದು ಬಾಗಿಲೂ ಇದೆ: ಶೋಷಣೆಯೇ ಇಲ್ಲದ ಕಡೆ ಈ ಹೆಸರು ಹೊಂದುತ್ತದೆಯೇ ಎಂದು ಮುಂದೊಂದು ದಿನ ಯಾರಾದರೂ ವಕೀಲರು ಕೇಳಿಯಾರು.

ಹದಿಹರೆಯದವರ ಪ್ರೇಮ ಪ್ರಕರಣಗಳ ಬಗ್ಗೆ ಮೊದಲು ದನಿಯೆತ್ತಿದ ಕೋರ್ಟುಗಳಲ್ಲಿ ನಮ್ಮ ಧಾರವಾಡ ಪೀಠವೂ ಒಂದು. ಹದಿನಾರು ದಾಟಿದ ಹುಡುಗಿಯರು ಪ್ರೀತಿಸಿ ಮನೆ ಬಿಟ್ಟು ಹೋದ ಪ್ರಕರಣಗಳು ಸಾಲುಸಾಲಾಗಿ ಬರುತ್ತಿವೆ, ವಯಸ್ಸಿನ ಮಿತಿಯ ಬಗ್ಗೆ ಮರುಚಿಂತನೆ ಮಾಡಿ ಎಂದು 2022ರ ನವೆಂಬರಿನಲ್ಲಿ ಅದು ಕಾನೂನು ಆಯೋಗಕ್ಕೆ ಹೇಳಿತು. ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಪೋಕ್ಸೊ ಬಗ್ಗೆ ತಿಳಿಸಿ ಎಂದು ಶಿಕ್ಷಣ ಇಲಾಖೆಗೂ ಸೂಚಿಸಿತು. ಆಯೋಗ 2023ರ ಸೆಪ್ಟೆಂಬರಿನ ತನ್ನ 283ನೇ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡ ಎಂದಿತು. ಆದರೆ ಹದಿನಾರರಿಂದ ಹದಿನೆಂಟರ ನಡುವಿನ ಮಗುವಿನ ಮೌನ ಸಮ್ಮತಿ ಇದ್ದ ಪ್ರಕರಣಗಳಲ್ಲಿ ಶಿಕ್ಷೆ ತಗ್ಗಿಸುವ ವಿವೇಚನೆ ನ್ಯಾಯಾಧೀಶರಿಗೆ ಇರಲಿ ಎಂದು ಸಲಹೆ ಕೊಟ್ಟಿತು. ಆ ಸಲಹೆಯ ಗುರಿ ದೈಹಿಕ ಸಂಬಂಧದ ಪ್ರಕರಣಗಳು. ಮೊಬೈಲಿನ ಫೋಟೊ ಅದರ ಕೇಂದ್ರದಲ್ಲಿಲ್ಲ.

ವಿನಾಯಿತಿಗೆ ಹಿಂಜರಿಯುವವರ ವಾದವನ್ನೂ ಹೇಳಬೇಕು, ಅದು ಹುಸಿ ವಾದವಲ್ಲ. ಹದಿನಾರರ ಹುಡುಗಿ 'ಒಪ್ಪಿ' ಕಳಿಸಿದಳು ಎನ್ನುವಾಗ ಆ ಒಪ್ಪಿಗೆಯ ಹಿಂದೆ "ಕಳಿಸದಿದ್ದರೆ ನನ್ನ ಮೇಲೆ ನಂಬಿಕೆ ಇಲ್ಲ ಅಂತ ತಾನೇ" ಎಂಬ ಮೂರು ವಾರದ ಪೀಡನೆ ಇರಬಹುದು. ಆ ಕಡೆ ಹದಿನೇಳರ ಹುಡುಗನ ಡಿಪಿ ಹಾಕಿಕೊಂಡು ಕೂತವನು ಮೂವತ್ತರ ಗಂಡಸಿರಬಹುದು. ಪ್ರೀತಿಯಿಂದ ಕಳಿಸಿದ ಚಿತ್ರವೂ ಕದ್ದುಹೋದರೆ ಮಕ್ಕಳ ಚಿತ್ರ ಮಾರುವವರ ಸಂತೆಗೆ ಹೋಗಿ ಸೇರುತ್ತದೆ, ಅಲ್ಲಿ ಯಾವುದು ಹೇಗೆ ಹುಟ್ಟಿತು ಎಂದು ಯಾರೂ ಕೇಳುವುದಿಲ್ಲ. ವಿನಾಯಿತಿಯ ಬಾಗಿಲು ತೆರೆದರೆ ಪ್ರತಿಯೊಬ್ಬ ಆರೋಪಿಯ ವಕೀಲರೂ, ನನ್ನನ್ನೂ ಸೇರಿಸಿ, ಅದರಲ್ಲೇ ನುಗ್ಗಲು ನೋಡುತ್ತೇವೆ. ಹಾಗಾಗಿ ಬಾಗಿಲು ಕಿರಿದಾಗಿರಲಿ: ಇಬ್ಬರೂ ಹದಿನಾರರ ಆಸುಪಾಸಿನವರು, ವಯಸ್ಸಿನ ಅಂತರ ಎರಡು ಮೂರು ವರ್ಷದೊಳಗೆ, ಒತ್ತಾಯವಿಲ್ಲ, ಹಣವಿಲ್ಲ, ಮೂರನೆಯವರ ಕೈಗೆ ದಾಟಿಲ್ಲ. ಇವುಗಳಲ್ಲಿ ಒಂದು ತಪ್ಪಿದರೂ ಈಗಿನ ಕಾನೂನೇ ಇರಲಿ. ತನ್ನದೇ ಚಿತ್ರ ತೆಗೆದುಕೊಂಡ ಮಗುವನ್ನಂತೂ ಯಾವ ಷರತ್ತೂ ಇಲ್ಲದೆ ಹೊರಗಿಡಬೇಕು.

ಅಲ್ಲಿಯವರೆಗೆ ಕೈಯಲ್ಲಿರುವ ದಾರಿಗಳನ್ನು ಮಕ್ಕಳಿಗೆ ಹೇಳುತ್ತಿದ್ದೇನೆ. ಚಿತ್ರ ಹರಡುವ ಭಯವಿದ್ದರೆ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ ಇದೆ. ಕಾಣೆಯಾದ ಮತ್ತು ಶೋಷಿತ ಮಕ್ಕಳಿಗಾಗಿರುವ ಅಮೆರಿಕದ ಕೇಂದ್ರವೊಂದು 2023ರಲ್ಲಿ ಶುರು ಮಾಡಿದ್ದು. ಚಿತ್ರವನ್ನು ಯಾರಿಗೂ ಕಳಿಸಬೇಕಿಲ್ಲ. ನಿಮ್ಮ ಮೊಬೈಲಿನಲ್ಲೇ ಆ ಚಿತ್ರದ ಬೆರಳಚ್ಚಿನಂಥ ಒಂದು ಸಂಖ್ಯೆ ತಯಾರಾಗುತ್ತದೆ. ಆ ಸಂಖ್ಯೆ ಮಾತ್ರ ಹೋಗಿ, ಒಪ್ಪಂದದಲ್ಲಿರುವ ಜಾಲತಾಣಗಳು ಅದಕ್ಕೆ ಹೊಂದುವ ಚಿತ್ರವನ್ನು ತೆಗೆಯುತ್ತವೆ. ಹೆಸರು ಕೊಡುವ ಅಗತ್ಯವಿಲ್ಲ. ಬ್ಲ್ಯಾಕ್‌ಮೇಲ್ ನಡೆಯುತ್ತಿದ್ದರೆ ಚಾಟ್ ಅಳಿಸಬೇಡಿ, ಹಣ ಕಳಿಸಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲಿನಲ್ಲಿ ಮಕ್ಕಳ ಚಿತ್ರಗಳ ಬಗ್ಗೆ ಹೆಸರು ಹೇಳದೆಯೂ ದೂರು ಕೊಡಬಹುದು. ಗ್ರೂಪಿಗೆ ಯಾರದೋ ಚಿತ್ರ ಬಂದರೆ ಸಾಕ್ಷಿಗೆಂದು ಸ್ಕ್ರೀನ್‌ಶಾಟ್ ತೆಗೆದು ಗೆಳೆಯರಿಗೆ ಕಳಿಸುವುದು ಕೂಡ ಹಂಚಿದಂತೆಯೇ.

ಈಗ ಕಾರ್ಯಕ್ರಮದ ಮೊದಲಿಗೇ ಒಂದು ಮಾತು ಹೇಳಿಬಿಡುತ್ತೇನೆ: "ಹೆಸರು ಹೇಳಿ ನನ್ನ ಹತ್ತಿರ ಮಾತಾಡಿದರೆ ನಾನು ಪೊಲೀಸರಿಗೆ ತಿಳಿಸಬೇಕಾಗಿ ಬರಬಹುದು, ಕಾನೂನು ಹಾಗಿದೆ." ಹೇಳದೆ ಇರುವುದು ಮೋಸ ಅನ್ನಿಸಿತು. ಹೇಳಲು ಶುರು ಮಾಡಿದ ಮೇಲೆ ಕಾರ್ಯಕ್ರಮ ಮುಗಿದು ಎಲ್ಲರೂ ಹೋದ ನಂತರ ಕಾರಿಡಾರಿನ ಕಂಬದ ಹತ್ತಿರ ನನಗಾಗಿ ಕಾಯುತ್ತ ನಿಲ್ಲುತ್ತಿದ್ದ ಒಬ್ಬಿಬ್ಬರು ಮಕ್ಕಳು ಈಗ ನಿಲ್ಲುತ್ತಿಲ್ಲ. ಡಬ್ಬಕ್ಕೆ ಮಾತ್ರ ಚೀಟಿ ಬೀಳುತ್ತಲೇ ಇವೆ.